ಗುಂಡು ಸೆರಾಮಿಕ್, ದಾರಿ ಮಾತ್ರ ಸ್ಟೀಲ್

(ರಿಮೋಟಿನಲ್ಲಿ ನಡೆಸುವ, ನೈಟ್ರೊ ಬೆರೆತ ಇಂಧನದಲ್ಲಿ ಓಡುವ ಪುಟ್ಟ ಕಾರು, ಅಂದರೆ ನೈಟ್ರೊ ಕಾರು ಓಡಿಸುವ ಒಂದಷ್ಟು ಗೆಳೆಯರ ಮುಂದೆ ಬೆಂಗಳೂರಿನಲ್ಲಿ ಒಂದು ಭಾನುವಾರ ಬೆಳಗ್ಗೆ ಆಡಿದ ಮಾತು. ಬರಹಕ್ಕೆ ಇಳಿಸುವಾಗ ಅಲ್ಲಲ್ಲಿ ತಿದ್ದಿದ್ದೇನೆ. ನಡುವೆ ಬಂದ ಪ್ರಶ್ನೆಗಳನ್ನು ಬಂದ ಹಾಗೇ ಬಿಟ್ಟಿದ್ದೇನೆ.)

ಮಾತು ಶುರು ಮಾಡುವ ಮೊದಲು ಈ ಡಬ್ಬಿಯನ್ನು ಒಂದು ಸುತ್ತು ಕಳಿಸುತ್ತೇನೆ. ಒಳಗೆ ಎರಡು ಬೇರಿಂಗ್ ಇವೆ. ಎರಡೂ ನನ್ನವೇ, ಎರಡೂ ಕೆಟ್ಟಿವೆ. ಒಂದು ಸ್ಟೀಲ್, ಇನ್ನೊಂದು ಸೆರಾಮಿಕ್. ಬೆರಳಿಗೆ ಸಿಕ್ಕಿಸಿ ತಿರುಗಿಸಿ ನೋಡಿ.

ಕಪ್ಪು ಗುಂಡು ಇರುವುದೇ ಸೆರಾಮಿಕ್. ಗುಂಡುಗಳನ್ನು ಬೆಳಕಿಗೆ ಹಿಡಿಯಿರಿ. ಇವತ್ತಿಗೂ ಕನ್ನಡಿ ಹಾಗೆ ಹೊಳೆಯುತ್ತಿವೆ. ಈಗ ಅವು ಓಡುವ ದಾರಿ ನೋಡಿ, ಅಂದರೆ ರೇಸ್. ಕಂದು ಬಣ್ಣ, ಅಲ್ಲಲ್ಲಿ ಕಲೆ, ಸಣ್ಣ ಸಣ್ಣ ಗುಳಿ. ಈ ಬೇರಿಂಗಿಗೆ ನಾನು ಸ್ಟೀಲಿನದಕ್ಕಿಂತ ನಾಲ್ಕು ಪಟ್ಟು ದುಡ್ಡು ಕೊಟ್ಟಿದ್ದೆ. ಹಾಕಿದ ವರ್ಷವೇ ಜೂನ್ ತಿಂಗಳಲ್ಲಿ ಕೊನೆಯ ಸಲ ಕಾರು ಓಡಿಸಿದೆ. ಮಳೆ ಬಂತು. ಟ್ಯಾಂಕಿನಲ್ಲಿ ಉಳಿದದ್ದನ್ನು ಚೆಲ್ಲಿ, ಕಾರನ್ನು ಹಾಗೇ ಅಟ್ಟಕ್ಕೆ ಹಾಕಿದೆ. ಸೆರಾಮಿಕ್ ಅಲ್ವಾ, ಅದಕ್ಕೇನಾಗುತ್ತೆ ಅನ್ನುವ ಧೈರ್ಯ. ದಸರಾ ರಜೆಯಲ್ಲಿ ಇಳಿಸಿ ಎಂಜಿನ್ನಿನ ಹೊರಗಿನ ಚಕ್ರ, ಅಂದರೆ ಫ್ಲೈವೀಲ್ ತಿರುಗಿಸಿದರೆ ಕರಕರ ಸದ್ದು.

ಗುಂಡಿಗೆ ನಿಜಕ್ಕೂ ಏನೂ ಆಗಿರಲಿಲ್ಲ. ಸೆರಾಮಿಕ್ ಅಂತ ದುಡ್ಡು ಕೊಟ್ಟದ್ದು ಗುಂಡಿಗೆ ಮಾತ್ರ ಅನ್ನುವುದನ್ನು ನಾನು ಮರೆತಿದ್ದೆ, ಅಷ್ಟೇ. ನಮ್ಮ ಎಂಜಿನ್‌ಗಳಿಗೆ ಸೆರಾಮಿಕ್ ಅಂತ ಸಿಗುವುದೆಲ್ಲ ಹೈಬ್ರಿಡ್. ಗುಂಡು ಸಿಲಿಕಾನ್ ನೈಟ್ರೈಡ್, ಒಳ ರೇಸ್ ಹೊರ ರೇಸ್ ಎರಡೂ ಸ್ಟೀಲ್. ಪೂರ್ತಿ ಸೆರಾಮಿಕ್ ಬೇರಿಂಗೂ ಇದೆ, ಆದರೆ ಅದರ ರೇಸ್ ಪಿಂಗಾಣಿ ಬಟ್ಟಲಿನ ಜಾತಿ. ಏಟು ಬಿದ್ದರೆ ಸೀಳುತ್ತೆ. ನಿಮಿಷಕ್ಕೆ ಮೂವತ್ತು ಸಾವಿರ ಸಲ ಗುದ್ದುವ ಎಂಜಿನ್ ಒಳಗೆ ಅದನ್ನು ಯಾರೂ ಹಾಕುವುದಿಲ್ಲ.

ಬೇರಿಂಗ್ ಎಲ್ಲಿ ಕೂತಿರುತ್ತೆ ಅನ್ನುವುದನ್ನು ಹೊಸಬರಿಗಾಗಿ ಒಮ್ಮೆ ಹೇಳಿಬಿಡುತ್ತೇನೆ. 1/8 ಬಗ್ಗಿ ಅಂದರೆ ನಿಜ ಗಾಡಿಯ ಎಂಟನೇ ಒಂದು ಅಳತೆಯ ಕಾರು. ಅದರ ಎಂಜಿನ್ 3.5 ಸಿ.ಸಿ., ಅಂದರೆ 0.21 ಘನ ಇಂಚು, ನಾವು 21 ಅನ್ನುವುದು. ಪಿಸ್ಟನ್ನಿನ ಓಟವನ್ನು ತಿರುಗಾಟ ಮಾಡುವ ದಂಡ ಕ್ರ್ಯಾಂಕ್, ಅದಕ್ಕೆ ಎರಡು ಬೇರಿಂಗ್. ಫ್ಲೈವೀಲ್ ಮತ್ತು ಕ್ಲಚ್ ಕಡೆ ಇರುವುದು ಮುಂದಿನದು, ಚಿಕ್ಕದು. ಪಿಸ್ಟನ್ ಕಡೆ ಇರುವುದು ಹಿಂದಿನದು, ದೊಡ್ಡದು. ಕನೆಕ್ಟಿಂಗ್ ರಾಡ್ ಹಿಡಿಯುವ ಪಿನ್ ಹಿಂದಿನ ಬೇರಿಂಗಿನ ಪಕ್ಕದಲ್ಲೇ ಚಾಚಿಕೊಂಡಿರುತ್ತೆ. ಅದರ ಆಚೆ ತುದಿಗೆ ಆಸರೆ ಇಲ್ಲ. ಹಾಗಾಗಿ ಉರಿಯುವಾಗಿನ ಗುದ್ದು ಹೆಚ್ಚುಕಮ್ಮಿ ಪೂರ್ತಿ ಬೀಳುವುದು ಹಿಂದಿನದರ ಮೇಲೆ.

ಎಷ್ಟು ಗುದ್ದು? 1/8 ಆಫ್‌ರೋಡ್ ವಿಶ್ವ ಚಾಂಪಿಯನ್‌ಷಿಪ್ಪಿನ ಫೈನಲ್ ಒಂದು ಗಂಟೆ ನಡೆಯುತ್ತೆ. ಸರಾಸರಿ 25,000 ಆರ್‌ಪಿಎಂ, ಅಂದರೆ ನಿಮಿಷಕ್ಕೆ ಅಷ್ಟು ಸುತ್ತು ಅಂತ ಹಿಡಿದರೂ ಒಂದೇ ಓಟದಲ್ಲಿ 15 ಲಕ್ಷ ಸುತ್ತು. ಟೂ ಸ್ಟ್ರೋಕ್ ಆದ್ದರಿಂದ ಸುತ್ತಿಗೊಂದು ಗುದ್ದು. ನಿಮ್ಮ ಮನೆಯ ದೊಡ್ಡ ಕಾರು ಹೈವೇಯಲ್ಲಿ 2,500ರಲ್ಲಿ ಓಡುತ್ತಿದ್ದರೆ ಅದೇ ಒಂದು ಗಂಟೆಯಲ್ಲಿ ತಿರುಗುವುದು ಒಂದೂವರೆ ಲಕ್ಷ ಸಲ.

ಇಷ್ಟು ವೇಗ ಅಂದಮೇಲೆ ಹಗುರ ಗುಂಡು ಒಳ್ಳೆಯದು ತಾನೇ, ಅನ್ನುತ್ತೀರಿ. ಮಾರುವವರೂ ಅದನ್ನೇ ಹೇಳುತ್ತಾರೆ. ಸುಳ್ಳಲ್ಲ. ಸ್ಟೀಲಿನ ಸಾಂದ್ರತೆ 7.8, ಸಿಲಿಕಾನ್ ನೈಟ್ರೈಡ್‌ದು 3.2. ಅರ್ಧಕ್ಕಿಂತ ಕಡಿಮೆ ತೂಕ. ಈ ಲೆಕ್ಕ ನಾನೇ ಒಂದು ಸಂಜೆ ಕೂತು ಹಾಕಿದೆ. ಹಿಂದಿನ ಬೇರಿಂಗಿನ ಗುಂಡು ಮೂರೂವರೆ ಮಿಲಿಮೀಟರ್ ಅಂತ ಇಟ್ಟುಕೊಳ್ಳಿ. ಸ್ಟೀಲಾದರೆ 0.175 ಗ್ರಾಂ, ಕೈಯಲ್ಲಿಟ್ಟರೆ ತೂಕವೇ ಗೊತ್ತಾಗುವುದಿಲ್ಲ. ಕ್ರ್ಯಾಂಕ್ 35,000ದಲ್ಲಿ ತಿರುಗುವಾಗ ಗುಂಡುಗಳ ಸಾಲು ಸುಮಾರು 14,000ದಲ್ಲಿ ಸುತ್ತುತ್ತಿರುತ್ತೆ. ಆಗ ಆ ಒಂದು ಪುಟಾಣಿ ಗುಂಡು ಹೊರ ರೇಸನ್ನು 400 ಗ್ರಾಂ ಭಾರದಷ್ಟು ಒತ್ತುತ್ತೆ. ಸೆರಾಮಿಕ್ ಆದರೆ 160 ಗ್ರಾಂ.

ಕೇಳಲು ಚೆನ್ನಾಗಿದೆ. ಆದರೆ ಪಿಸ್ಟನ್ನಿನ ಮೇಲೆ ಪ್ರತಿ ಸುತ್ತಿಗೂ ಬೀಳುವ ಒತ್ತಡ ಇದಕ್ಕಿಂತ ಎಷ್ಟೋ ದೊಡ್ಡದು, ಹತ್ತಾರು ಕೆ.ಜಿ. ಲೆಕ್ಕದ್ದು. ಅದರ ಮುಂದೆ ಈ 240 ಗ್ರಾಂ ಉಳಿತಾಯ ಅಂಥದ್ದೇನಲ್ಲ. ದಂತವೈದ್ಯರ ಡ್ರಿಲ್ ಮೂರು ನಾಲ್ಕು ಲಕ್ಷ ಆರ್‌ಪಿಎಂ ತಿರುಗುತ್ತೆ, ಅಲ್ಲಿ ಭಾರ ಕಡಿಮೆ, ವೇಗವೇ ಎಲ್ಲ. ಅಲ್ಲಿ ಹಗುರ ಗುಂಡು ಬೇಕೇ ಬೇಕು. ಪೀಣ್ಯದಲ್ಲಿ ಸಿಎನ್‌ಸಿ ಸ್ಪಿಂಡಲ್, ಅಂದರೆ ಕಂಪ್ಯೂಟರ್ ನಡೆಸುವ ಲೋಹ ಕೊರೆಯುವ ಯಂತ್ರದ ತಿರುಗುವ ದಂಡ, ರಿಪೇರಿ ಮಾಡುವವರನ್ನು ಕೇಳಿ, ಅವರಿಗೂ ಅದೇ ಕಾರಣ. ನಮ್ಮ ಕಥೆ ಬೇರೆ. ಲ್ಯಾಪ್ ಟೈಮ್, ಅಂದರೆ ಟ್ರ್ಯಾಕಿನ ಒಂದು ಸುತ್ತಿನ ಸಮಯ, ಇಳಿಯುತ್ತೆ ಅಂತ ಸೆರಾಮಿಕ್ ತೆಗೆದುಕೊಳ್ಳುವುದಾದರೆ ಆ ದುಡ್ಡಿಗೆ ಒಂದು ಜೊತೆ ಟೈರ್ ತೆಗೆದುಕೊಳ್ಳಿ ಅಂತ ನಾನು ಹೇಳುವುದು.

ಹಾಗಿದ್ದರೆ ಯಾಕೆ ತೆಗೆದುಕೊಳ್ಳಬೇಕು? ನನ್ನ ಪ್ರಕಾರ ಎರಡು ಕಾರಣ. ತುಕ್ಕು, ಮತ್ತು ಎಣ್ಣೆ ಕಡಿಮೆಯಾದ ಆ ಕೆಲವು ಕ್ಷಣ.

ತುಕ್ಕಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಇಂಧನ ಅಂದರೆ ಮೆಥನಾಲ್, 16ರಿಂದ 30 ಶೇಕಡ ನೈಟ್ರೊಮಿಥೇನ್, ಜೊತೆಗೆ ಹರಳೆಣ್ಣೆಯೋ ಸಿಂಥೆಟಿಕ್ ಎಣ್ಣೆಯೋ ಎರಡರ ಮಿಶ್ರಣವೋ. ಈ ಮೆಥನಾಲ್ ಗಾಳಿಯಲ್ಲಿರುವ ನೀರನ್ನು ಹೀರುತ್ತೆ. ಕ್ಯಾನಿನ ಮುಚ್ಚಳ ಸರಿಯಾಗಿ ಹಾಕದೆ ಬಿಟ್ಟರೆ ಬೆಂಗಳೂರಿನಲ್ಲೇ ಕೆಡುತ್ತೆ, ಇನ್ನು ಮಂಗಳೂರು ಕಡೆಯ ಮಳೆಗಾಲದಲ್ಲಿ ಕೇಳಬೇಡಿ. ಉರಿದಾಗ ಹುಟ್ಟುವುದೂ ನೀರಿನ ಆವಿಯೇ. ನೈಟ್ರೊ ಉರಿದ ಹೊಗೆಯಲ್ಲಿ ಆಮ್ಲದ ಅಂಶ ಇರುತ್ತೆ. ಪಿಸ್ಟನ್ ಪಕ್ಕದಿಂದ ನುಸುಳಿ ಅದೂ ಕೆಳಗೆ ಇಳಿಯುತ್ತೆ. ಹಿಂದಿನ ಬೇರಿಂಗ್ ಕೂತಿರುವುದು ಸರಿಯಾಗಿ ಅಲ್ಲೇ. ಎಂಜಿನ್ ಓಡುವಾಗ ತೊಂದರೆ ಇಲ್ಲ, ಎಣ್ಣೆ ಹರಿಯುತ್ತಿರುತ್ತೆ. ನಿಂತಮೇಲೆ ಮೆಥನಾಲ್ ಆರಿಹೋಗುತ್ತೆ. ನೀರು, ಆಮ್ಲ ಉಳಿಯುತ್ತವೆ. ನುಣ್ಣಗೆ ಪಾಲಿಶ್ ಮಾಡಿದ ಸ್ಟೀಲಿಗೆ ಒಂದು ವಾರ ಸಾಕು.

ಬೇರಿಂಗಿಗೆ ಬಳಸುವ ಮಾಮೂಲಿ ಕ್ರೋಮ್ ಸ್ಟೀಲ್‌ಗೆ 52100 ಅಂತ ಹೆಸರು. ಹೆಸರಿನಲ್ಲಿ ಕ್ರೋಮ್ ಇದ್ದರೂ ಅದರಲ್ಲಿರುವ ಕ್ರೋಮಿಯಂ ಒಂದೂವರೆ ಶೇಕಡ ಅಷ್ಟೇ. ಗಟ್ಟಿತನಕ್ಕೆ ಸಾಕು, ತುಕ್ಕು ತಡೆಯಲು ಏನೇನೂ ಸಾಲದು. 440ಸಿ ಅನ್ನುವ ಸ್ಟೇನ್‌ಲೆಸ್ ಬೇರಿಂಗೂ ಸಿಗುತ್ತೆ, ಅದರಲ್ಲಿ 17 ಶೇಕಡದ ಆಸುಪಾಸು. ತುಕ್ಕು ಕಡಿಮೆ. ಆದರೆ ಕ್ರೋಮ್ ಸ್ಟೀಲಿಗಿಂತ ಸ್ವಲ್ಪ ಮೆದು, ಗುದ್ದಿಗೆ ಬಾಳಿಕೆಯೂ ಕಡಿಮೆ. ನೀರು ಕೆಸರಿನಲ್ಲಿ ಆಡುವ ಚಕ್ರಕ್ಕೆ ಅದು ಚಂದ. ಎಂಜಿನ್ನಿನ ಹಿಂದಿನ ಜಾಗಕ್ಕೆ ನಾನು ಹಾಕುವುದಿಲ್ಲ.

ಸಿಲಿಕಾನ್ ನೈಟ್ರೈಡಿಗೆ ತುಕ್ಕು ಹಿಡಿಯುವ ಮಾತೇ ಇಲ್ಲ, ಅದರಲ್ಲಿ ಕಬ್ಬಿಣವೇ ಇಲ್ಲವಲ್ಲ. ಗಟ್ಟಿತನ ಸ್ಟೀಲಿನ ಎರಡರಷ್ಟು. ಹಾಗಾಗಿ ರೇಸಿನಲ್ಲಿ ಸಣ್ಣ ತುಕ್ಕಿನ ಚುಕ್ಕೆ ಬಂದರೂ ಗುಂಡು ತಾನು ಒರಟಾಗುವುದಿಲ್ಲ, ಆ ಚುಕ್ಕೆಯನ್ನೇ ತಿಕ್ಕಿ ನಯ ಮಾಡಿಕೊಂಡು ಹೋಗುತ್ತೆ. ಸ್ಟೀಲ್ ಬೇರಿಂಗಿನಲ್ಲಿ ಗುಂಡಿಗೂ ತುಕ್ಕು, ದಾರಿಗೂ ತುಕ್ಕು, ಎರಡೂ ಸೇರಿ ಒಂದನ್ನೊಂದು ತಿನ್ನುತ್ತವೆ. ಸೆರಾಮಿಕ್ಕಿನಲ್ಲಿ ಕೆಡುವುದು ಒಂದೇ ಕಡೆ. ಒಂದೆರಡು ದಿನ ಎಣ್ಣೆ ಹಾಕುವುದು ಮರೆತರೆ ಅದು ನಿಮ್ಮನ್ನು ಕ್ಷಮಿಸುತ್ತೆ. ನನ್ನ ಹಾಗೆ ನಾಲ್ಕು ತಿಂಗಳು ಮರೆತರೆ, ಡಬ್ಬಿಯಲ್ಲಿ ನೋಡಿದಿರಲ್ಲ.

ಎರಡನೆಯದು ಎಣ್ಣೆಯ ಮಾತು. ನಮ್ಮ ಎಂಜಿನ್ನಿಗೆ ಬೇರೆ ಎಣ್ಣೆ ಇಲ್ಲ, ಇಂಧನದಲ್ಲಿ ಬೆರೆತಿರುವುದೇ ಎಲ್ಲ. ಮಿಶ್ರಣ ಲೀನ್ ಆದರೆ ಇಂಧನ ಕಡಿಮೆ, ಅಂದರೆ ಎಣ್ಣೆಯೂ ಕಡಿಮೆ, ಬಿಸಿ ಮಾತ್ರ ಜಾಸ್ತಿ. ಎಣ್ಣೆಯ ಪದರ ಹರಿದಾಗ ಸ್ಟೀಲಿಗೆ ಸ್ಟೀಲ್ ತಾಗುತ್ತೆ. ಒಂದೇ ಜಾತಿಯ ಲೋಹ, ಆ ಒತ್ತಡದಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣದಾಗಿ ಬೆಸೆದುಕೊಂಡು ಮತ್ತೆ ಕಿತ್ತುಕೊಳ್ಳುತ್ತೆ. ಗುಂಡಿನ ಮೈ ಹರಿಯುವುದು ಹಾಗೆ. ಸೆರಾಮಿಕ್ ಸ್ಟೀಲಿಗೆ ಅಂಟುವುದಿಲ್ಲ.

ಇದಕ್ಕೆ ನನಗೆ ತುಂಬ ಇಷ್ಟವಾದ ಉದಾಹರಣೆ ಒಂದಿದೆ, ನಮ್ಮ ಆಟಿಕೆಗಿಂತ ತುಸು ದೊಡ್ಡದು. ಅಮೆರಿಕದ ಸ್ಪೇಸ್ ಷಟಲ್ಲಿನ ಎಂಜಿನ್‌ಗೆ ದ್ರವ ಆಮ್ಲಜನಕ ತಳ್ಳುವ ಒಂದು ಟರ್ಬೊಪಂಪ್ ಇತ್ತು. ಅದರ ಬೇರಿಂಗ್ ತಿರುಗುವುದು ದ್ರವ ಆಮ್ಲಜನಕದಲ್ಲೇ. ಅಲ್ಲಿ ಎಣ್ಣೆ ಹಾಕಿದರೆ ಸ್ಫೋಟ. ಸ್ಟೀಲ್ ಗುಂಡುಗಳು ಬೇಗ ಸವೆಯುತ್ತಿದ್ದವು. ಪ್ರಾಟ್ ಆಂಡ್ ವಿಟ್ನಿ ಕಂಪನಿ ಮಾಡಿದ ಹೊಸ ಪಂಪಿನಲ್ಲಿ ಸಿಲಿಕಾನ್ ನೈಟ್ರೈಡ್ ಗುಂಡು ಹಾಕಿದರು. 1995ರ ಜುಲೈನಲ್ಲಿ ಎಸ್‌ಟಿಎಸ್-70 ಹಾರಾಟದಲ್ಲಿ ಅದು ಮೊದಲ ಸಲ ಮೇಲೆ ಹೋಯಿತು. ಅಲ್ಲೂ ಬೇಕಾಗಿದ್ದು ಎಣ್ಣೆ ಇಲ್ಲದ ಕಡೆ ಬಾಳುವ ಗುಂಡು.

ಇನ್ನು ಸೆರಾಮಿಕ್ಕಿನ ಕೆಟ್ಟ ಗುಣ. ಬೆಲೆ ಬಿಡಿ, ಅದು ಎಲ್ಲರಿಗೂ ಗೊತ್ತು. ಪುಡಿಯನ್ನು ಒತ್ತಿ, ಸಾವಿರದ ಏಳುನೂರು ಡಿಗ್ರಿಯಾಚೆ ಸುಟ್ಟು, ವಜ್ರದ ಪುಡಿಯಲ್ಲಿ ಉಜ್ಜಿ ದುಂಡಗೆ ಮಾಡುವ ಕೆಲಸ, ಅಗ್ಗವಾಗಲು ಹೇಗೆ ಸಾಧ್ಯ? ನಾನು ಹೇಳಹೊರಟಿದ್ದು ಬೇರೆ. ಈ ಗುಂಡು ಬಗ್ಗುವುದಿಲ್ಲ. ಸ್ಟೀಲ್ ಗುಂಡು ಭಾರ ಬಿದ್ದಾಗ ತುಸು ಚಪ್ಪಟೆಯಾಗಿ ರೇಸಿನ ಮೇಲೆ ಹರಡಿಕೊಳ್ಳುತ್ತೆ. ಸೆರಾಮಿಕ್ ಹಟಮಾರಿ. ತಾಗುವ ಜಾಗ ಚಿಕ್ಕದು, ಹಾಗಾಗಿ ಅದೇ ಭಾರಕ್ಕೆ ರೇಸಿನ ಮೇಲೆ ಬೀಳುವ ಒತ್ತಡ ಸುಮಾರು 12 ಶೇಕಡ ಜಾಸ್ತಿ. ಸುಮ್ನೆ ತಿರುಗುವಾಗ ಪರವಾಗಿಲ್ಲ. ಏಟು ಬಿದ್ದಾಗ ರೇಸಿನಲ್ಲಿ ಗುಳಿ ಬೀಳುತ್ತೆ. ಜಂಪಿನಿಂದ ಕಾರು ಬಿದ್ದಾಗ ಎಂಜಿನ್ನಿಗೆ ಅಷ್ಟು ಏಟು ಬೀಳುವುದಿಲ್ಲ. ಬೀಳುವುದು ಬೇರಿಂಗ್ ಕೂರಿಸುವಾಗ, ನಮ್ಮ ಕೈಯಿಂದಲೇ. ಅದಕ್ಕೆ ಆಮೇಲೆ ಬರುತ್ತೇನೆ.

“ಸರ್, ಎಬೆಕ್ 7 ಅಂತ ಬರೆದಿದ್ದರೆ ಜಾಸ್ತಿ ವೇಗಕ್ಕೆ ಅಂತ ಅರ್ಥ ಅಲ್ವಾ?” ಅಂತ ಮುಂದೆ ಕೂತ ಒಬ್ಬರು ಕೇಳಿದರು.

ಅಲ್ಲ. ಎಬೆಕ್ ಅನ್ನುವುದು ಅಳತೆ ಎಷ್ಟು ಕರಾರುವಾಕ್ಕು ಅನ್ನುವ ದರ್ಜೆ. 1, 3, 5, 7, 9. ಗುಂಡುಗಳನ್ನು ಹಿಡಿದಿಡುವ ಕೇಜ್ ಯಾವುದು, ಗುಂಡು ಯಾವುದು, ಸಡಿಲ ಎಷ್ಟು, ಇದ್ಯಾವುದನ್ನೂ ಅದು ಹೇಳುವುದಿಲ್ಲ. ನಮಗೆ ಮುಖ್ಯ ಆ ಸಡಿಲ. ಎಂಜಿನ್ ಬಿಸಿಯಾದಾಗ ಒಳ ರೇಸ್ ಹಿಗ್ಗುತ್ತೆ, ಅದಕ್ಕೆ ಜಾಗ ಬೇಕು. ಬೇರಿಂಗ್ ಮೇಲೆ ಸಿ3 ಅಂತ ಕೊರೆದಿದ್ದರೆ ಮಾಮೂಲಿಗಿಂತ ತುಸು ಸಡಿಲ ಅಂತ ಅರ್ಥ. ಎಂಜಿನ್ನಿಗೆ ಅದೇ ಸರಿ. ಹೊಸ ಬೇರಿಂಗ್ ಕೈಯಲ್ಲಿ ಅಲ್ಲಾಡಿದರೆ ಹಳೇದು ಕೊಟ್ಟರು ಅಂತ ಅಂಗಡಿಯವರ ಜೊತೆ ಜಗಳಕ್ಕೆ ಹೋಗಬೇಡಿ.

ಹಾಗೇ ಬೆರಳಲ್ಲಿ ತಿರುಗಿಸಿ ಎಷ್ಟು ಹೊತ್ತು ತಿರುಗುತ್ತೆ ಅಂತ ನೋಡುವುದು. ಅದು ಬರೀ ತೋರಿಕೆ. ಒಣ ಬೇರಿಂಗ್ ಬುಗುರಿಯ ಹಾಗೆ ತಿರುಗುತ್ತೆ, ಗ್ರೀಸ್ ಇರುವುದು ಅರ್ಧ ಸುತ್ತಿಗೆ ನಿಲ್ಲುತ್ತೆ. ಅದರಿಂದ ಗೊತ್ತಾಗುವುದು ಗ್ರೀಸಿನ ವಿಷಯ.

ಕೇಜ್ ಬಗ್ಗೆ ಮಾತ್ರ ಕೇಳಿ ತೆಗೆದುಕೊಳ್ಳಿ. ಗುಂಡುಗಳನ್ನು ಅಂತರದಲ್ಲಿ ಇಡುವ ಬುಟ್ಟಿ ಅದು. ಅಗ್ಗದ ಸೆರಾಮಿಕ್ಕಿನಲ್ಲಿ ಗುಂಡು ಕಪ್ಪಗೆ ಚೆನ್ನಾಗಿರುತ್ತೆ, ಕೇಜ್ ಮಾತ್ರ ತೆಳು ತಗಡು. ಈ ವೇಗದಲ್ಲಿ ಮೊದಲು ಸಾಯುವುದು ತಗಡೇ. ಕೇಜ್ ಮುರಿದರೆ ಚೂರು ಕ್ರ್ಯಾಂಕ್‌ಕೇಸಿಗೆ ಬಿದ್ದು, ಅಲ್ಲಿಂದ ಇಂಧನ ಮೇಲೇರುವ ದಾರಿ, ಅಂದರೆ ಪೋರ್ಟ್ ಹತ್ತಿ, ಪಿಸ್ಟನ್ನು, ಅದು ಓಡಾಡುವ ಕೊಳವೆ ಸ್ಲೀವು ಎರಡನ್ನೂ ಕೆರೆದು ಹಾಕುತ್ತೆ. ಬೇರಿಂಗಿನ ದುಡ್ಡಲ್ಲ, ಎಂಜಿನ್ನಿನ ದುಡ್ಡೇ ಹೋಯಿತು. ಒಳ್ಳೆ ಕೇಜಿನ ಸ್ಟೀಲ್ ಮತ್ತು ತಗಡು ಕೇಜಿನ ಸೆರಾಮಿಕ್ ಎರಡನ್ನೂ ಮುಂದಿಟ್ಟರೆ ನಾನು ಕಣ್ಣು ಮುಚ್ಚಿ ಸ್ಟೀಲ್ ಎತ್ತಿಕೊಳ್ಳುತ್ತೇನೆ. ಇನ್ನೊಂದು, ಗುಂಡು ಕಪ್ಪು ಬದಲು ಹಾಲುಬಿಳುಪಾಗಿದ್ದರೆ ಅದು ಹೆಚ್ಚಾಗಿ ಜಿರ್ಕೋನಿಯಾ. ಬೇರೆ ಪದಾರ್ಥ, ತೂಕವೂ ಜಾಸ್ತಿ. ನಮ್ಮ ಕೆಲಸಕ್ಕೆ ಅಲ್ಲ.

ಮುಂದಿನ ಬೇರಿಂಗಿಗೆ ಸೆರಾಮಿಕ್ ಬೇಡವೇ ಬೇಡ. ಅದರ ಅಳತೆ ಒಳ ವ್ಯಾಸ 7, ಹೊರ ವ್ಯಾಸ 19, ಅಗಲ 6 ಮಿಲಿಮೀಟರ್. ಈ ಅಳತೆಗೆ ಲೋಕದಲ್ಲೆಲ್ಲ 607 ಅಂತಲೇ ನಂಬರ್. ಎಸ್‌ಜೆಪಿ ರಸ್ತೆಯ ಬೇರಿಂಗ್ ಅಂಗಡಿಗೆ ಹೋಗಿ 607 ಅನ್ನಿ, ಯಾತಕ್ಕೆ ಅಂತಲೂ ಕೇಳದೆ ಕೊಡುತ್ತಾರೆ. ಒಂದು ಸೂಕ್ಷ್ಮ ಇದೆ. 2ಆರ್‌ಎಸ್ ಅಂತ ಕೇಳಿ ತೆಗೆದುಕೊಳ್ಳಿ, ಎರಡೂ ಕಡೆ ರಬ್ಬರ್ ಸೀಲ್ ಇರುತ್ತೆ. ಸೂಜಿಯ ಮೊನೆಯಲ್ಲಿ ಒಳಗಡೆಯ ಸೀಲನ್ನು ಎಬ್ಬಿಸಿ ತೆಗೆದುಬಿಡಿ, ಹೊರಗಡೆಯದು ಇರಲಿ. ಒಳಗಿಂದ ಎಣ್ಣೆ ಬರಬೇಕು, ಹೊರಗಿಂದ ಗಾಳಿ ಹೋಗಬಾರದು. ನಿಂತಲ್ಲೇ ಎಂಜಿನ್ ಮೆಲ್ಲಗೆ ಓಡುವ ಐಡಲ್ ಒಂದೇ ಸಮ ನಿಲ್ಲುತ್ತಿಲ್ಲ, ಇಂಧನ ಹೊಂದಿಸುವ ಕಾರ್ಬುರೇಟರ್ ಸೂಜಿ ಎಷ್ಟು ತಿರುಗಿಸಿದರೂ ಒಮ್ಮೆ ಏರುತ್ತೆ ಒಮ್ಮೆ ಇಳಿಯುತ್ತೆ ಅಂತ ಕಾರ್ಬುರೇಟರ್ ಜೊತೆ ಗುದ್ದಾಡುತ್ತೀರಲ್ಲ, ಎಷ್ಟೋ ಸಲ ಕಳ್ಳ ಈ ಸವೆದ ಸೀಲ್. ಫ್ಲೈವೀಲ್ ಹಿಂದೆ ಎಣ್ಣೆ ಒಸರಿದೆಯಾ ಅಂತ ಮೊದಲು ನೋಡಿ.

ಹಿಂದಿನದು ಮಾತ್ರ ಅಂಗಡಿಯಲ್ಲಿ ಸಿಗುವುದಿಲ್ಲ. ಸುಮಾರು ಎಂಜಿನ್‌ಗಳಲ್ಲಿ ಅದು 14, 25.4, 6. ಆ 25.4 ಅಂದರೆ ಸರಿಯಾಗಿ ಒಂದು ಇಂಚು. ಒಳಗೆ ಮಿಲಿಮೀಟರ್, ಹೊರಗೆ ಇಂಚು, ಎರಡೂ ಮನೆಯ ಮಗು ಅದು. ಕೆಲವದರಲ್ಲಿ ಒಳ ಅಳತೆ 14.2 ಅಥವಾ 14.5. ಹಳೆಯದನ್ನು ವರ್ನಿಯರ್‌ನಲ್ಲಿ ಅಳೆಯದೆ ಆರ್ಡರ್ ಮಾಡಬೇಡಿ.

ಈಗ ಕೆಟ್ಟಿದೆಯೋ ಇಲ್ಲವೋ ತಿಳಿಯುವುದು. ಇಂಧನ ಹೊತ್ತಿಸುವ ಗ್ಲೋ ಪ್ಲಗ್ ಬಿಚ್ಚಿ, ಫ್ಲೈವೀಲನ್ನು ಎರಡು ಬೆರಳಲ್ಲಿ ಮೆಲ್ಲಗೆ ತಿರುಗಿಸಿ. ಪಿಸ್ಟನ್ ಮೇಲಕ್ಕೆ ಬಂದಾಗ ಬಿಗಿ ಹಿಡಿಯುತ್ತೆ, ಅದು ಸ್ಲೀವಿನ ಹಿಡಿತ, ಇರಲೇಬೇಕು. ಉಳಿದ ಸುತ್ತಿನಲ್ಲಿ ಬೆಣ್ಣೆಯ ಹಾಗೆ ಬರಬೇಕು. ಚಿರೋಟಿ ರವೆ ಮುಟ್ಟಿದ ಹಾಗೆ ಅನಿಸಿದರೆ ತುಕ್ಕು ಶುರುವಾಗಿದೆ, ಇನ್ನೊಂದೆರಡು ಭಾನುವಾರ ಓಡಿಸಬಹುದು. ಬನ್ಸಿ ರವೆ ಅನಿಸಿದರೆ ಅವತ್ತೇ ಬಿಚ್ಚಿ.

ಬಿಚ್ಚುವಾಗ ಸುತ್ತಿಗೆ ಬೇಡ. ಕಾರ್ಬುರೇಟರ್, ಬ್ಯಾಕ್‌ಪ್ಲೇಟ್, ಹೆಡ್, ಸ್ಲೀವ್, ಪಿಸ್ಟನ್, ಕ್ರ್ಯಾಂಕ್ ಎಲ್ಲ ತೆಗೆಯಿರಿ, ರಬ್ಬರ್ ರಿಂಗ್ ಒಂದೂ ಉಳಿಯಬಾರದು. ಇಂಧನ ಪೂರ್ತಿ ಒರೆಸಿ ಆರಿಸಿ. ಆಮೇಲೆ ಬರೀ ಕೇಸಿಗೆ ಹೀಟ್ ಗನ್ ಹಿಡಿಯಿರಿ. ಅಲ್ಯೂಮಿನಿಯಂ ಸ್ಟೀಲಿನ ಎರಡರಷ್ಟು ಹಿಗ್ಗುತ್ತೆ, ಹಾಗಾಗಿ ಹಿಡಿತ ಬಿಡುತ್ತೆ. ಒಂದು ಹನಿ ನೀರು ಬಿಟ್ಟರೆ ದೋಸೆ ಕಾವಲಿಯ ಹಾಗೆ ಚುಂಯ್ ಅನ್ನಬೇಕು. ದಪ್ಪ ಗ್ಲೌಸ್ ಹಾಕಿ, ಕೇಸನ್ನು ಬೋರಲು ಹಿಡಿದು ಮರದ ಹಲಗೆ ಮೇಲೆ ಒಂದು ಬಡಿತ. ಹಿಂದಿನ ಬೇರಿಂಗ್ ತಾನೇ ಉದುರುತ್ತೆ. ಮುಂದಿನದನ್ನು ಒಳಗಿಂದ ಮರದ ಕಡ್ಡಿಯಲ್ಲಿ ತಳ್ಳಿ.

ಹೊಸದನ್ನು ಮೊದಲೇ ಎಣ್ಣೆ ಸವರಿ, ಕವರಿನಲ್ಲಿ ಸುತ್ತಿ, ಒಂದು ಗಂಟೆ ಫ್ರೀಜರಿನಲ್ಲಿ ಇಟ್ಟಿರಿ. ಬಿಸಿ ಕೇಸಿಗೆ ತಣ್ಣನೆ ಬೇರಿಂಗ್ ಟಪ್ ಅಂತ ಕೂರುತ್ತೆ. ಕೂರದಿದ್ದರೆ ಮತ್ತೆ ಬಿಸಿ ಮಾಡಿ. ಒತ್ತಲೇಬೇಕು ಅಂದರೆ ಹೊರ ರೇಸನ್ನು ಮಾತ್ರ ಒತ್ತಿ. ಒಳ ರೇಸ್ ಒತ್ತಿದರೆ ಆ ಬಲವೆಲ್ಲ ಗುಂಡಿನ ಮೂಲಕ ಹೋಗುತ್ತೆ, ಆಗ ನಾನು ಹೇಳಿದ ಹಟಮಾರಿ ಗುಂಡು ರೇಸಿನಲ್ಲಿ ಸಾಲಾಗಿ ಗುಳಿ ಕೊರೆಯುತ್ತೆ. ಹೊಸ ಸೆರಾಮಿಕ್ ಮೊದಲ ದಿನವೇ ಸದ್ದು ಮಾಡುತ್ತೆ ಅಂತ ದೂರು ಹೇಳುವವರು ಕೂರಿಸಿದ್ದು ಹೇಗೆ ಅಂತ ನಾನು ಮೊದಲು ಕೇಳುವುದು ಅದಕ್ಕೇ.

ದಿನದ ಕೊನೆಯ ಕೆಲಸ ಎರಡೂ ಜಾತಿಗೆ ಒಂದೇ. ಟ್ಯಾಂಕ್ ಖಾಲಿ ಮಾಡಿ, ಪೈಪಿನಲ್ಲಿ ಉಳಿದದ್ದನ್ನು ಉರಿಸಿ ಎಂಜಿನ್ ತಾನಾಗಿ ನಿಲ್ಲುವ ತನಕ ಓಡಿಸಿ. ಬಿಸಿ ಇರುವಾಗಲೇ ಪ್ಲಗ್ ತೂತಿಗೆ ಮತ್ತು ಕಾರ್ಬುರೇಟರಿಗೆ ನಾಲ್ಕೈದು ಹನಿ ಆಫ್ಟರ್‌ರನ್ ಎಣ್ಣೆ, ಅಂದರೆ ಓಟ ಮುಗಿದ ಮೇಲೆ ತುಕ್ಕು ತಡೆಯಲು ಹಾಕುವ ಎಣ್ಣೆ. ಅದು ಸಿಗದಿದ್ದರೆ ಹೊಲಿಗೆ ಮೆಷಿನ್ ಎಣ್ಣೆಯೂ ನಡೆಯುತ್ತೆ. ಕಾರನ್ನು ಆ ಕಡೆ ಈ ಕಡೆ ಓರೆ ಮಾಡಿ ಫ್ಲೈವೀಲ್ ತಿರುಗಿಸಿ, ಎಣ್ಣೆ ಹಿಂದಿನ ಬೇರಿಂಗ್ ತನಕ ಹೋಗಬೇಕು. ಎರಡು ನಿಮಿಷದ ಕೆಲಸ. ಮನೆಗೆ ಹೋಗಿ ಮಾಡುತ್ತೇನೆ ಅಂದವರು ಯಾರೂ ಮಾಡಿಲ್ಲ, ನಾನೂ ಸೇರಿ. ಮೈದಾನದಲ್ಲೇ ಮುಗಿಸಿ.

“ಅಣ್ಣಾ, ಅದೆಲ್ಲ ಸರಿ, ನಿಮ್ಮ ಗಾಡಿಯಲ್ಲಿ ಈಗ ಯಾವುದಿದೆ?” ಅಂತ ಹಿಂದಿನ ಸಾಲಿನಿಂದ ಒಬ್ಬ ಹುಡುಗ ಕೂಗಿದ.

ಎರಡು ಎಂಜಿನ್ ಇವೆಯಪ್ಪ. ವಾರ ವಾರ ಓಡುವುದರಲ್ಲಿ ಹಿಂದೆ ಮುಂದೆ ಎರಡೂ ಸ್ಟೀಲ್. ಅದು ತುಕ್ಕು ಹಿಡಿಯುವಷ್ಟು ಹೊತ್ತು ನಿಲ್ಲುವುದೇ ಇಲ್ಲ. ನಮ್ಮ ಕೆಂಪು ಧೂಳು ಫಿಲ್ಟರ್ ದಾಟಿ ಒಳಗೆ ಹೋದರೆ ಸ್ಟೀಲೋ ಸೆರಾಮಿಕ್ಕೋ ಅಂತ ನೋಡದೆ ರೇಸನ್ನು ತಿನ್ನುತ್ತೆ. ಡಬ್ಬಿಯಲ್ಲಿರುವ ಸ್ಟೀಲ್ ಬೇರಿಂಗ್ ಸತ್ತಿದ್ದು ಹಾಗೆ. ಆದ್ದರಿಂದ ಅದರಲ್ಲಿ ಅಗ್ಗದ್ದನ್ನೇ ಹಾಕಿ, ಬೇಗ ಬದಲಾಯಿಸುತ್ತೇನೆ. ಇನ್ನೊಂದು ವರ್ಷಕ್ಕೆ ನಾಲ್ಕೈದು ಸಲ ಮಾತ್ರ ಹೊರಗೆ ಬರುತ್ತೆ, ಉದ್ದ ಓಟಕ್ಕೆ. ಅದರಲ್ಲಿ ಹಿಂದಿನದು ಸೆರಾಮಿಕ್, ಮುಂದಿನದು ಅದೇ 607.

ನಿನ್ನ ಎಂಜಿನ್ ತಂದಿದ್ದೀಯಾ? ಕೊಡು ಇಲ್ಲಿ. ... ಹೂಂ, ಚಿರೋಟಿ ರವೆ ದಾಟಿದೆ. ಹೀಟ್ ಗನ್ ಇಲ್ಲೇ ಇದೆ, ಹಲಗೆಯೂ ಇದೆ. ನೀನೇ ಬಿಚ್ಚು, ನಾನು ಕೇಸ್ ಹಿಡಿದುಕೊಳ್ಳುತ್ತೇನೆ.